ಹಾಕದೇ ಬಿಟ್ಟ ರೆಸಿಸ್ಟರ್

ನಮ್ಮ ಮಹಡಿಯ ಮೇಲಿನ ರೂಮಿನಲ್ಲಿರುವ ನೀಲಾಂಬಿಕಾ ಎರಡು ತಿಂಗಳಿಂದ ತನ್ನ ಬಲಗಾಲನ್ನು ಬೈಯುತ್ತಿದ್ದಾಳೆ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೂತು, ಎಡಗೈಯಲ್ಲಿ ನೀರು ಮೊಗೆದು ಆ ಕಾಲಿನ ಮೇಲೆ ಸುರಿಯುತ್ತಾ, “ನಿನ್ನ ಮುರಿದು ಒಲಿಗೆ ಹಾಕಬೇಕಿತ್ತು” ಅನ್ನುತ್ತಾಳೆ. ಕೆಳಗೆ ಅಡುಗೆಮನೆಯಲ್ಲಿ ಟೀ ಸೋಸುತ್ತಾ ನಿಂತ ನನಗೆ ಒಂದೊಂದು ಮಾತೂ ಕೇಳಿಸುತ್ತದೆ. ಆ ಕಾಲು ಏನೂ ಮಾಡಿಲ್ಲ, ಮಾಡಿದವಳು ನಾನು. ಇದನ್ನು ಈಗ ಹೇಳುತ್ತಿದ್ದೇನೆ, ಹೇಳಬೇಕಾದಾಗ ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ನನ್ನ ಹೆಸರು ವೇಣಿ. ಲಗ್ಗೆರೆಯವಳು, ಅಂದರೆ ಲಗ್ಗೆರೆ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಇಲ್ಲೇ ಇರುವ ಮನೆಯವಳು. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ನಮ್ಮಮ್ಮ ಮುನಿಯಕ್ಕ ಎಂಟು ರೂಮು ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದಾಳೆ. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಹನ್ನೊಂದು ವರ್ಷದಿಂದ ಪೀಣ್ಯದಲ್ಲಿ ಸಿದ್ದಲಿಂಗಯ್ಯನವರ ಶೆಡ್ಡಿನಲ್ಲಿ ದುಡಿಯುತ್ತಿದ್ದೇನೆ. ರಬ್ಬರ್ ವಾಷರ್ ಕತ್ತರಿಸುವ ಸಣ್ಣ ಪ್ರೆಸ್ ಮಷೀನುಗಳನ್ನು ನಾವು ಮಾಡಿ ಮಾರುತ್ತೇವೆ. ಗಾಳಿಯ ಒತ್ತಡದಲ್ಲಿ ನಡೆಯುವ ಮಷೀನು ಅದು. ಮುಂದೆ ನೆಲದ ಮೇಲೊಂದು ಪೆಡಲ್ ಇರುತ್ತದೆ, ತುಳಿದರೆ ಗಾಳಿಯ ವಾಲ್ವ್ ತೆರೆದುಕೊಂಡು ಡೈ, ಅಂದರೆ ಉಕ್ಕಿನ ಅಚ್ಚು, ಧಡ್ ಎಂದು ಇಳಿಯುತ್ತದೆ. ಆ ವಾಲ್ವನ್ನು ತೆರೆಯುವ, ಮುಚ್ಚುವ ಸರ್ಕ್ಯೂಟ್ ಬೋರ್ಡು ನನ್ನದು. ಡಿಸೈನ್ ಮಾಡುವವಳೂ ನಾನೇ, ಟೆಸ್ಟ್ ಮಾಡಿ ಪಾಸ್ ಎಂದು ಸೀಲು ಹೊಡೆಯುವವಳೂ ನಾನೇ.

ನೀಲಾಂಬಿಕಾಳನ್ನು ಶೆಡ್ಡಿಗೆ ಕರೆದುಕೊಂಡು ಹೋದವಳೂ ನಾನೇ. ಕುಷ್ಟಗಿ ಕಡೆಯಿಂದ ಗಂಡ ಯಂಕಪ್ಪನ ಜೊತೆ ಬಂದು ನಮ್ಮಲ್ಲಿ ರೂಮು ಹಿಡಿದಿದ್ದಳು. ಅವನು ಗಾರೆ ಕೆಲಸಕ್ಕೆ ಹೋಗುತ್ತಿದ್ದ, ಇವಳು ಮನೆಯಲ್ಲಿ ಒಬ್ಬಳೇ ಕೂರಲಾರದೆ ನಮ್ಮಮ್ಮನ ಜೊತೆ ಅಕ್ಕಿ ಆರಿಸುತ್ತಿದ್ದಳು.

“ಅವ್ಳ ಕೈ ನೋಡೇ, ಏನ್ ಚುರುಕು! ಇಂಗಿರೋ ಉಡ್ಗೀನ ನಿಮ್ ಶೆಡ್ಡಿಗೆ ಸೇರಿಸ್ಕಳಕ್ಕೆ ಏನೇ ನಿಂಗೆ ಧಾಡಿ?” ಎಂದು ಅಮ್ಮ ನನ್ನನ್ನು ಗದರಿದಳು.

ಸೇರಿಸಿದೆ. ಒಂದೇ ತಿಂಗಳಲ್ಲಿ ಬೆಸುಗೆ ಕಲಿತಳು. ಶೆಡ್ಡಿನಲ್ಲಿ ನಮ್ಮದೇ ಒಂದು ಪ್ರೆಸ್ ಇತ್ತು. ಬೆಳಿಗ್ಗೆ ಅದರಲ್ಲಿ ವಾಷರ್ ಕತ್ತರಿಸುವುದು, ಮಧ್ಯಾಹ್ನ ನನ್ನ ಬೆಂಚಿಗೆ ಬಂದು ಬೋರ್ಡು ಬೆಸೆಯುವುದು, ಇದು ಅವಳ ಕೆಲಸ. ಬೆಸೆಯುವಾಗ ನಾಲಿಗೆ ತುದಿಯನ್ನು ತುಟಿಯ ಮೂಲೆಗೆ ಒತ್ತಿಕೊಳ್ಳುತ್ತಿದ್ದಳು. ಅವಳು ಹಾಕಿದ ಬೆಸುಗೆಯಲ್ಲಿ ನಾನು ಒಂದು ದಿನವೂ ತಪ್ಪು ಕಂಡದ್ದಿಲ್ಲ.

ಇನ್ನು ನನ್ನ ಘನಂದಾರಿ ಕೆಲಸ ಕೇಳಿ. ಹಳೆಯ ಬೋರ್ಡಿನಲ್ಲಿ ವಾಲ್ವಿಗೆ ಕರೆಂಟು ಬಿಡಲು ಒಂದು ಟ್ರಾನ್ಸಿಸ್ಟರ್ ಇತ್ತು. ಬೇಸಿಗೆಯಲ್ಲಿ ತಗಡಿನ ಸೂರಿನ ಕೆಳಗೆ ಅದು ಮುಟ್ಟಲಾಗದಷ್ಟು ಕಾದು, ವಾರಕ್ಕೊಂದರಂತೆ ಸುಟ್ಟುಹೋಗುತ್ತಿತ್ತು. ಗಿರಾಕಿಗಳ ಬೈಗುಳ ತಿಂದು ತಿಂದು ಸಾಕಾಗಿ ನಾನು ಅದನ್ನು ಕಿತ್ತು ಮಾಸ್‌ಫೆಟ್ ಹಾಕಿದೆ. ಇದಕ್ಕೂ ಮೂರೇ ಪಿನ್ನು, ಅದೇ ತೂತುಗಳಿಗೆ ಸರಿಯಾಗಿ ಕೂತಿತು. ಬೋರ್ಡು ಹೊಸದಾಗಿ ಮಾಡಿಸುವ ಖರ್ಚೇ ಬರಲಿಲ್ಲ, ಬಿಸಿಯಾಗುವುದೂ ನಿಂತುಹೋಯಿತು. ಸಿದ್ದಲಿಂಗಯ್ಯನವರು ಮೈಸೂರು ಪಾಕ್ ತರಿಸಿ ಶೆಡ್ಡಿಗೆಲ್ಲ ಹಂಚಿದರು. ನಾನು ಎರಡು ತುಂಡು ತಿಂದೆ.

ಆದರೆ ಮಾಸ್‌ಫೆಟ್‌ಗೂ ಹಳೆಯದಕ್ಕೂ ಒಂದು ವ್ಯತ್ಯಾಸವಿದೆ. ಅದು ನನಗೆ ಗೊತ್ತಿರಲಿಲ್ಲ ಅಂದು ಪಾರಾಗುವ ಹಾಗಿಲ್ಲ, ಚೆನ್ನಾಗಿಯೇ ಗೊತ್ತಿತ್ತು. ಮಾಸ್‌ಫೆಟ್ ಅಂದರೆ ಒಂದು ಸ್ವಿಚ್ಚು. ಅದರ ಒಂದು ಪಿನ್ನಿಗೆ ಗೇಟ್ ಎಂದು ಹೆಸರು. ಗೇಟಿನಲ್ಲಿ ವೋಲ್ಟೇಜ್ ಇದ್ದರೆ ಸ್ವಿಚ್ಚು ಆನ್, ಇಲ್ಲದಿದ್ದರೆ ಆಫ್. ಬೋರ್ಡಿನ ಚಿಪ್ ಎಚ್ಚರವಾಗಿರುವಾಗ ಗೇಟನ್ನು ಅದು ಹಿಡಿತದಲ್ಲಿ ಇಟ್ಟುಕೊಂಡಿರುತ್ತದೆ. ಆದರೆ ಕರೆಂಟ್ ಹೋಗಿ ಬಂದಾಗ ಚಿಪ್ ಏಳುವುದಕ್ಕೆ ಒಂದು ಸೆಕೆಂಡು ಬೇಕು. ಆ ಒಂದು ಸೆಕೆಂಡು ಗೇಟಿಗೆ ಹೇಳುವವರು ಕೇಳುವವರು ಇಲ್ಲ. ಅಗುಳಿ ಹಾಕದ ಬಾಗಿಲಿನ ಹಾಗೆ, ಒಂಚೂರು ಗಾಳಿ ಬೀಸಿದರೂ ತೆರೆದುಕೊಂಡೀತು. ಅದಕ್ಕೇ ಗೇಟಿನಿಂದ ಗ್ರೌಂಡಿಗೆ, ಅಂದರೆ ಸೊನ್ನೆ ವೋಲ್ಟೇಜಿನ ತಂತಿಗೆ, ಹತ್ತು ಕಿಲೋ ಓಮ್‌ನ ಒಂದು ರೆಸಿಸ್ಟರ್ ಹಾಕುತ್ತಾರೆ. ಬೇರೆ ಯಾರೂ ಹಿಡಿಯದಿದ್ದಾಗ ಅದು ಗೇಟನ್ನು ಕೆಳಗೆಳೆದು ಆಫ್‌ನಲ್ಲೇ ಕೂರಿಸುತ್ತದೆ. ಹಳೆಯ ಟ್ರಾನ್ಸಿಸ್ಟರಿನ ಹೊಟ್ಟೆಯೊಳಗೇ ಅಂಥ ಏರ್ಪಾಡಿತ್ತು. ಮಾಸ್‌ಫೆಟ್‌ಗೆ ನಾವೇ ಹಾಕಬೇಕು.

ಮೊದಲ ಹತ್ತು ಬೋರ್ಡಿಗೆ ಹಾಕಿಸಿದೆ. ಬೋರ್ಡಿನಲ್ಲಿ ಅದಕ್ಕೆ ಜಾಗವಿರಲಿಲ್ಲವಾದ್ದರಿಂದ ಹಿಂಬದಿಗೆ ಅಂಟಿಸಿದ ಹಾಗೆ ಬೆಸೆಯಬೇಕಿತ್ತು, ಒಂದೊಂದಕ್ಕೆ ನಾಲ್ಕೈದು ನಿಮಿಷ ಹಿಡಿಯುತ್ತಿತ್ತು. ಅಷ್ಟರಲ್ಲಿ ಜಿಗಣಿಯ ಗಿರಾಕಿಯೊಬ್ಬರಿಗೆ ಹನ್ನೆರಡು ಮಷೀನು ಅರ್ಜೆಂಟಾಗಿ ಬೇಕಾಯಿತು. ಲಾರಿ ಬಂದು ಬಾಗಿಲಲ್ಲಿ ನಿಂತಿತ್ತು. ನಾನು ಒಂದು ಬೋರ್ಡನ್ನು ರೆಸಿಸ್ಟರ್ ಇಲ್ಲದೆ ಇಟ್ಟು, ಗೇಟಿಗೆ ವೋಲ್ಟೇಜ್ ಅಳೆಯುವ ಮಲ್ಟಿಮೀಟರಿನ ಕಡ್ಡಿ ಸಿಕ್ಕಿಸಿ, ಕರೆಂಟನ್ನು ನೂರು ಸಲ ಆಫ್ ಮಾಡಿ ಆನ್ ಮಾಡಿದೆ. ನೂರು ಸಲವೂ ಮೀಟರಿನಲ್ಲಿ ಸೊನ್ನೆ. ವಾಲ್ವ್ ಮಿಸುಕಲಿಲ್ಲ.

“ಅಕ್ಕಾರ, ಹಿಂದ ಆ ಸಣ್ಣದು ಹಚ್ಚೋದು ಉಳದೈತ್ರಿ” ಅಂದಳು ನೀಲಾಂಬಿಕಾ.

“ಬಿಡೇ ನೀಲಾ, ಅದಿಲ್ದಿದ್ರೂ ನಡಿಯುತ್ತೆ” ಅಂದೆ.

ಹಾಗೆ ಅಂದವಳು ನಾನು, ಇದೇ ಬಾಯಲ್ಲಿ. ಆಮೇಲೆ ಮಾಡಿದ ಬೋರ್ಡುಗಳಿಗೆಲ್ಲ ಅದೇ ರೂಢಿಯಾಯಿತು. ಒಟ್ಟು ನಲವತ್ತು ಬೋರ್ಡು ಹೀಗೆ ಹೊರಗೆ ಹೋದವು, ನಲವತ್ತೊಂದನೆಯದು ನಮ್ಮ ಶೆಡ್ಡಿನ ಪ್ರೆಸ್ಸಿಗೆ ಕೂತಿತು.

ನಮ್ಮ ಶೆಡ್ಡಿನಲ್ಲಿ ಕರೆಂಟ್ ಹೋದರೆ ಯಾರೂ ಸುಮ್ಮನೆ ಕೂರುವುದಿಲ್ಲ. ಅದು ಡೈ ಒರೆಸುವ ಹೊತ್ತು. ಮಷೀನು ನಡೆಯುವಾಗ ನಿಲ್ಲಿಸಿ ಒರೆಸಿದರೆ ಕೆಲಸ ಕೆಡುತ್ತದೆ, ಅದಕ್ಕೇ ಪವರ್ ಕಟ್ ಆದ ಕೂಡಲೇ ಕೈ ಒಳಗೆ ಹೋಗದಂತೆ ಮುಂದೆ ಅಡ್ಡವಿರುವ ಕಂಬಿ ಎತ್ತಿ, ಪಕ್ಕಕ್ಕೆ ಬಂದು ನಿಂತು ಬಗ್ಗಿ, ಡೈಯೊಳಗೆ ಅಂಟಿದ ರಬ್ಬರಿನ ಚೂರುಗಳನ್ನು ಬಟ್ಟೆಯಲ್ಲಿ ಒರೆಸಿಬಿಡುತ್ತಾರೆ. ಕರೆಂಟೇ ಇಲ್ಲ, ಇನ್ನೇನು ಭಯ ಎಂಬ ಧೈರ್ಯ. ಗಾಳಿಯ ಟ್ಯಾಂಕು ತುಂಬಿಯೇ ಇರುತ್ತದೆ ಎನ್ನುವುದು ಯಾರ ತಲೆಗೂ ಹೊಳೆಯುವುದಿಲ್ಲ. “ಕರೆಂಟ್ ಹೋಯ್ತು, ಡೈ ಒರಸ್ಕೊಳ್ರೀ” ಎಂದು ನಾನೇ ಎಷ್ಟೋ ಸಲ ಕೂಗಿದ್ದೇನೆ.

ಆವತ್ತು ಮಂಗಳವಾರ. ಬೆಳಿಗ್ಗೆ ಹನ್ನೊಂದೂವರೆಗೆ ಕರೆಂಟ್ ಹೋಯಿತು. ನೀಲಾಂಬಿಕಾ ಕಂಬಿ ಎತ್ತಿ, ಪಕ್ಕದಲ್ಲಿ ನಿಂತು, ಬಲಗೈಯನ್ನು ಒಳಗೆ ಹಾಕಿ ಒರೆಸುತ್ತಿದ್ದಳು. ನಾನು ಹತ್ತಡಿ ದೂರದಲ್ಲಿ ಅವಳನ್ನೇ ನೋಡುತ್ತಾ ಬಾಟಲಿಯಿಂದ ನೀರು ಕುಡಿಯುತ್ತಿದ್ದೆ. ದೀಪ ಹತ್ತಿತು, ಫ್ಯಾನು ತಿರುಗಿತು, ಡೈ ಧಡ್ ಎಂದು ಇಳಿಯಿತು. ಒಂದು ಸೆಕೆಂಡಿಗೆ ಚಿಪ್ ಎದ್ದಿತು, ವಾಲ್ವ್ ಮುಚ್ಚಿತು, ಡೈ ತಾನಾಗಿಯೇ ಮೇಲಕ್ಕೆ ಹೋಗಿ ನಿಂತಿತು. ಏನೂ ಆಗಿಲ್ಲದ ಹಾಗೆ ನಿಂತಿತು, ಸುಡುಗಾಡಿನದು. ನೀಲಾಂಬಿಕಾ ಮೊದಲು ಕಿರುಚಲೂ ಇಲ್ಲ, ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿದಳು.

ಬನಿಯನ್ ಬಟ್ಟೆಯಲ್ಲಿ ಕೈ ಸುತ್ತಿ, ಆಟೋ ಹತ್ತಿಸಿ, ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಆ ಹೊತ್ತಿಗಾಗಲೇ ನನಗೆ ಗೊತ್ತಾಗಿಹೋಗಿತ್ತು. ಆ ರೆಸಿಸ್ಟರ್ ಇಲ್ಲದ್ದಕ್ಕೇ ಹೀಗಾಯಿತು ಎಂದು ಗೊತ್ತಾಗಿತ್ತು. ಆದರೂ ಬಾಯಿಂದ ಬಂದದ್ದು ಬೇರೆ.

“ಪೆಡಲ್ ಏನಾದ್ರೂ ತುಳಿದ್ಬಿಟ್ಯಾ ನೀಲಾ?”

ಅವಳು ಕಣ್ಣು ಬಿಡದೆ, “ಗೊತ್ತಿಲ್ರಿ ಅಕ್ಕಾರ” ಅಂದಳು. ರಾಜಾಜಿನಗರ ದಾಟುವಷ್ಟರಲ್ಲಿ ನಾನು ಇನ್ನೂ ಎರಡು ಸಲ ಅದನ್ನೇ ಕೇಳಿದೆ. ಮೂರನೆಯ ಸಲ ಅವಳು, “ತುಳದಿರಬೇಕ್ರಿ” ಅಂದಳು. ಆಸ್ಪತ್ರೆಯಲ್ಲಿ ಮೂರು ಬೆರಳು ತೆಗೆದರು.

ಸಿದ್ದಲಿಂಗಯ್ಯನವರು ಕೆಟ್ಟ ಮನುಷ್ಯರಲ್ಲ. ಅವರ ಮೇಲೆ ತಪ್ಪು ಹೊರಿಸಿ ಹಗುರಾಗುವ ಆಸೆ ನನಗೂ ಇತ್ತು, ಆದರೆ ಅದೂ ಸಾಧ್ಯವಿಲ್ಲ. ನಾಲ್ಕನೆಯ ದಿನ ಆಸ್ಪತ್ರೆಯಿಂದ ಶೆಡ್ಡಿಗೆ ಹೋಗಿ ಅವರ ಎದುರು ನಿಂತು, ಬೋರ್ಡಿನಲ್ಲಿ ಒಂದು ರೆಸಿಸ್ಟರ್ ಇಲ್ಲ ಸಾರ್, ಅದರಿಂದಲೇ ಆಗಿರಬಹುದು ಅಂದೆ.

“ಅದಿಲ್ದೇನೇ ಎಂಟು ತಿಂಗಳು ನಡೀತಲ್ಲಮ್ಮ?” ಅಂದರು. “ನಂಗೆ ತೋರ್ಸು. ಒಂದೇ ಒಂದು ಸಲ ನನ್ನ ಕಣ್ಣೆದುರಿಗೆ ಡೈ ಬೀಳ್ಲಿ, ತಪ್ಪು ನಮ್ದೇ ಅಂತ ನಾನೇ ಬರೀತೀನಿ.”

ತೋರಿಸಲು ಕೂತೆ. ಡೈಯ ಕೆಳಗೆ ಮರದ ತುಂಡಿಟ್ಟೆ. ಗೇಟಿನಲ್ಲಿ ಎಷ್ಟು ವೋಲ್ಟೇಜ್ ಬರುತ್ತದೆ ಎಂದು ಅವರಿಗೂ ಕಾಣಲಿ ಅಂತ ಮೀಟರಿನ ಕಡ್ಡಿ ಸಿಕ್ಕಿಸಿದೆ. ಮೇನ್ ಸ್ವಿಚ್ ಆಫ್ ಮಾಡುವುದು, ಆನ್ ಮಾಡುವುದು. ಅರವತ್ತು ಸಲ ಮಾಡಿದೆ. ಮೀಟರು ಸೊನ್ನೆಯಿಂದ ಅಲುಗಲಿಲ್ಲ, ಡೈ ಕೂದಲೆಳೆಯಷ್ಟೂ ಇಳಿಯಲಿಲ್ಲ. ಅವರು ಸ್ಟೂಲಿನ ಮೇಲೆ ಕೂತು ಕೊನೆಯವರೆಗೂ ನೋಡಿದರು. ಕೊನೆಗೆ, “ಬೋರ್ಡ್ ಸರಿ ಇದೆಯಲ್ಲಮ್ಮ” ಅಂದರು.

ಆಗ ನನಗೇನಾಯಿತು ಅಂತ ಹೇಳಬೇಕು. ನನಗೆ ಸಮಾಧಾನವಾಯಿತು. ಥೂ ನನ್ನ ಜನ್ಮಕ್ಕೆ, ಎದೆಯ ಮೇಲಿಂದ ಚಪ್ಪಡಿ ಇಳಿಸಿದ ಹಾಗಾಯಿತು! ಅವಳು ಪಕ್ಕದಲ್ಲಿ ನಿಂತದ್ದನ್ನು, ಪೆಡಲ್ ಮುಂಭಾಗದಲ್ಲಿ ಇದ್ದದ್ದನ್ನು ಕಣ್ಣಾರೆ ಕಂಡಿದ್ದೆ. ಆದರೂ ಕಣ್ಣಿಗಿಂತ ಮೀಟರನ್ನೇ ನಂಬಿದೆ, ಯಾಕೆಂದರೆ ಅದು ನನ್ನನ್ನು ಬಿಡುಗಡೆ ಮಾಡಿತ್ತು. ವರದಿಯಲ್ಲಿ, ಕೆಲಸಗಾರ್ತಿ ಡೈ ಒರೆಸುವಾಗ ಎಚ್ಚರ ತಪ್ಪಿ ಪೆಡಲ್ ತುಳಿದಿದ್ದಾಳೆ, ಬೋರ್ಡಿನಲ್ಲಿ ದೋಷವಿಲ್ಲ ಎಂದು ಬರೆದರು. ಪರೀಕ್ಷೆ ಮಾಡಿದವಳು ಎಂದು ನಾನು ಸೈನ್ ಹಾಕಿದೆ. ಕೆಳಗೆ ನೀಲಾಂಬಿಕಾ ಆಸ್ಪತ್ರೆಯ ಹಾಸಿಗೆಯಲ್ಲೇ ಎಡಗೈಯಲ್ಲಿ ತನ್ನ ಹೆಸರು ಬರೆದಳು. ಅಷ್ಟು ಬರೆಯುವುದಕ್ಕೆ ಅವಳಿಗೆ ಎರಡು ನಿಮಿಷ ಬೇಕಾಯಿತು.

ಆಮೇಲೆ ಆದದ್ದೆಲ್ಲ ನಮ್ಮ ಮನೆಯ ಮೇಲೆಯೇ ಆಯಿತು, ಕಿವಿ ಮುಚ್ಚಿಕೊಂಡರೂ ಕೇಳುವ ಹಾಗೆ. ಒಂದು ಕೈಯಲ್ಲಾದರೂ ಮಾಡುವ ಪ್ಯಾಕಿಂಗ್ ಕೆಲಸ ಸಿಕ್ಕೀತೆಂದು ಅವಳು ಎರಡು ಶೆಡ್ಡಿಗೆ ಹೋದಳು. ಪೆಡಲ್ ತುಳಿದು ಕೈ ಕಳೆದುಕೊಂಡವಳು ಎಂಬ ಸುದ್ದಿ ಅವಳಿಗಿಂತ ಮುಂಚೆ ಅಲ್ಲಿಗೆ ತಲುಪಿತ್ತು. ಒಂದು ಕಡೆ ವರದಿ ತೋರಿಸು ಅಂದರು, ತೋರಿಸಿದ ಮೇಲೆ ಆಮೇಲೆ ನೋಡೋಣ ಅಂದು ಕಳಿಸಿದರು. ಕುಷ್ಟಗಿಯಿಂದ ಅತ್ತೆ ಫೋನಿನಲ್ಲಿ, ಎಚ್ಚರಗೇಡಿ ಎಂದು ಬೈದಳು. ಯಂಕಪ್ಪ ಒಳ್ಳೆಯವನೇ, ಅವಳಿಗೆ ಸೀರೆ ಉಡಿಸುತ್ತಿದ್ದವನು, ತಲೆ ಬಾಚುತ್ತಿದ್ದವನು ಅವನೇ. ಆದರೆ ಬಾಚುತ್ತಾ ಬಾಚುತ್ತಾ, “ಕಣ್ಣು ಎಲ್ಲಿಟ್ಟಿದ್ದಿ ಅವತ್ತು, ಕಾಲು ಎಲ್ಲಿಟ್ಟಿದ್ದಿ” ಎಂದು ಕೇಳುತ್ತಲೇ ಇರುತ್ತಿದ್ದ.

ಹೋದ ಶುಕ್ರವಾರ ಬೆಂಚಿನಲ್ಲಿ, ಅದೇ ರೂಢಿಯಂತೆ ರೆಸಿಸ್ಟರ್ ಇಲ್ಲದ ಹೊಸ ಬೋರ್ಡೊಂದನ್ನು ಟೆಸ್ಟ್ ಮಾಡುತ್ತಿದ್ದೆ. ವಾಲ್ವಿನ ಬದಲು ಒಂದು ಸಣ್ಣ ಬಲ್ಬು ಕಟ್ಟಿದ್ದೆ. ಮೀಟರಿನ ಬ್ಯಾಟರಿ ಮುಗಿದದ್ದರಿಂದ ಅದನ್ನು ಕಿತ್ತು ಪಕ್ಕಕ್ಕಿಟ್ಟು, ಸುಮ್ಮನೆ ಕರೆಂಟ್ ಹಾಕಿದೆ. ಬಲ್ಬು ಒಂದು ಸೆಕೆಂಡು ಹತ್ತಿ ಆರಿತು.

ಇನ್ನೊಮ್ಮೆ ಹಾಕಿದೆ, ಹತ್ತಲಿಲ್ಲ. ಏಳನೆಯ ಸಲ ಮತ್ತೆ ಹತ್ತಿತು. ಬೇರೆ ಮೀಟರು ತಂದು ಗೇಟಿಗೆ ಸಿಕ್ಕಿಸಿದೆ, ಐವತ್ತು ಸಲವೂ ಹತ್ತಲಿಲ್ಲ. ಕಿತ್ತೆ, ಹತ್ತಿತು. ತಲೆ ತಲೆ ಚಚ್ಚಿಕೊಂಡೆ. ಮೀಟರಿನೊಳಗೇ ಒಂದು ರೆಸಿಸ್ಟರ್ ಇರುತ್ತದೆ, ಹತ್ತು ಮೆಗಾ ಓಮ್‌ನದು. ಕಡ್ಡಿ ಸಿಕ್ಕಿಸಿದ ಕೂಡಲೇ ಗೇಟಿನ ಮೇಲೆ ಅಂಡಲೆಯುವ ಚಾರ್ಜೆಲ್ಲ ಅದರ ಮೂಲಕ ಇಳಿದುಹೋಗುತ್ತದೆ. ನಾನು ಹಾಕದೇ ಬಿಟ್ಟ ರೆಸಿಸ್ಟರಿನ ಕೆಲಸವನ್ನು ಆ ಮೀಟರೇ ಮಾಡುತ್ತಿತ್ತು. ಲಾರಿ ನಿಂತಿದ್ದ ದಿನವೂ ಮಾಡಿತ್ತು, ಸಿದ್ದಲಿಂಗಯ್ಯನವರು ಸ್ಟೂಲಿನ ಮೇಲೆ ಕೂತ ದಿನವೂ ಮಾಡಿತ್ತು. ನಾನು ಮೀಟರು ಇಟ್ಟು ನೋಡುವಾಗ ಮಾತ್ರ ಮಷೀನು ಸರಿಯಿರುತ್ತಿತ್ತು.

ಸಿದ್ದಲಿಂಗಯ್ಯನವರನ್ನು ಕೈ ಹಿಡಿದು ಎಳೆದುಕೊಂಡು ಬಂದು ತೋರಿಸಿದೆ. ಬಲ್ಬು ಹತ್ತಿದ್ದನ್ನು ಮೂರು ಸಲ ನೋಡಿ ಅವರು ಕನ್ನಡಕ ತೆಗೆದರು.

“ಎಷ್ಟು ಬೋರ್ಡ್ ಹೊರಗಿದೆಯಮ್ಮ?”

“ನಲವತ್ತು ಸಾರ್.”

“ಅಯ್ಯೋ ಶಿವನೇ. ಎಲ್ರಿಗೂ ಈಗ್ಲೇ ಫೋನ್ ಮಾಡು, ಮಷೀನ್ ನಿಲ್ಲಿಸಕ್ಕೆ ಹೇಳು.”

ಮಾಡಿದೆ. ಶನಿವಾರವೆಲ್ಲ ಬೆಸುಗೆಯ ಕಡ್ಡಿ ಚೀಲದಲ್ಲಿಟ್ಟುಕೊಂಡು ಪೀಣ್ಯದ ಶೆಡ್ಡುಗಳನ್ನು ಸುತ್ತಿ ಹದಿನಾರು ಬೋರ್ಡಿಗೆ ರೆಸಿಸ್ಟರ್ ಹಾಕಿದೆ. ಜಿಗಣಿಯವರೂ ಮಿಕ್ಕವರೂ ಮಷೀನು ನಿಲ್ಲಿಸಿದ್ದಾರೆ, ಸೋಮವಾರದಿಂದ ಅಲ್ಲಿಗೆಲ್ಲ ಹೋಗಬೇಕು. ಸಂಜೆ ಹೊರಡುವಾಗ ನಾನೇ ವರದಿಯ ಮಾತು ತೆಗೆದೆ.

“ಬದಲಾಯ್ಸೋಣ” ಅಂದರು ಸಿದ್ದಲಿಂಗಯ್ಯನವರು. “ಆದ್ರೆ ಅದ್ರಲ್ಲಿ ನಿನ್ ಸೈನೂ ಇದೆ, ಅವಳ್ದೂ ಇದೆ. ಬೆಂಚ್ ಮೇಲೆ ಬಲ್ಬ್ ಹತ್ತಿತು ಅಂತ ನೀನೊಬ್ಳು ಹೇಳಿದ್ರೆ, ಪೆಡಲ್ ತುಳಿದೆ ಅಂತ ಅವಳೇ ಬರ್ಕೊಟ್ಟಿದ್ದಾಳಲ್ಲ ಅಂತಾರೆ. ತುಳೀಲಿಲ್ಲ ಅಂತ ಅವಳು ಒಂದು ಸಾಲು ಬರ್ಕೊಡ್ಲಿ. ಮಿಕ್ಕಿದ್ದು ನಾನು ನೋಡ್ಕೋತೀನಿ.”

ಒಂದೇ ಸಾಲು. ಅಷ್ಟು ಬರೆದರೆ ಅವಳ ಮೇಲಿನ ಕಳಂಕ ಹೋಗುತ್ತಿತ್ತು. ರಾತ್ರಿ ನಿದ್ದೆ ಬರಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ. ಭಾನುವಾರ ಮಧ್ಯಾಹ್ನ ಕಾಗದ, ಪೆನ್ನು ಹಿಡಿದು ಮಹಡಿ ಹತ್ತಿದೆ. ಬೈದಾಳು, ಮುಖಕ್ಕೆ ಉಗಿದಾಳು, ಯಂಕಪ್ಪ ಕೈ ಎತ್ತಿದರೂ ಎತ್ತಿಯಾನು ಅಂದುಕೊಂಡಿದ್ದೆ. ಅದೆಲ್ಲ ಆಗಲಿ ಎಂದೇ ಹೋಗಿದ್ದೆ.

“ಬರ್ರಿ ಅಕ್ಕಾರ, ಕುಂದರ್ರಿ” ಎಂದು ನೀಲಾಂಬಿಕಾ ಚಾಪೆ ಎಳೆದಳು. ಯಂಕಪ್ಪ ಮೂಲೆಯಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದ.

“ನೀಲಾ, ನೀನು ಪೆಡಲ್ ತುಳೀಲಿಲ್ಲ ಕಣೇ” ಅಂದೆ. ಪೀಠಿಕೆ ಹಾಕಲು ಧೈರ್ಯವಿರಲಿಲ್ಲ. ಒಂದೇ ಉಸಿರಿಗೆ ಎಲ್ಲ ಹೇಳಿದೆ. ರೆಸಿಸ್ಟರ್ ಬೇಡ ಅಂದದ್ದು, ಮೀಟರು ಮೋಸ ಮಾಡಿದ್ದು, ಬಲ್ಬು ಹತ್ತಿದ್ದು. “ತಪ್ಪು ನಂದು. ನೀನು ಪಕ್ಕದಲ್ಲಿ ನಿಂತಿದ್ದೆ. ಅಲ್ಲಿಂದ ಪೆಡಲ್‌ಗೆ ಕಾಲು ಎಟಕೋದೇ ಇಲ್ಲ. ನಾನು ನೋಡ್ತಾನೇ ಇದ್ದೆ.”

ಯಂಕಪ್ಪನ ಕೈ ತಟ್ಟೆಯಲ್ಲೇ ನಿಂತಿತು. “ಏನಂದ್ರಿ?” ಅಂದ. “ಎರಡು ತಿಂಗಳಾತ್ರಿ, ದಿನಾ ಬೈದೀನಿ ನಾ ಅಕಿಗೆ. ದಿನಾ!” ಅವನು ತಟ್ಟೆಯನ್ನು ಪಕ್ಕಕ್ಕೆ ತಳ್ಳಿದ.

“ನೀ ಸುಮ್ಮಕಿರು” ಅಂದಳು ನೀಲಾಂಬಿಕಾ ಅವನಿಗೆ. ಆಮೇಲೆ ನನ್ನ ಕಡೆ ತಿರುಗಿದಳು. “ಅಕ್ಕಾರ, ನಂಗ ನೆನಪೈತ್ರಿ. ಕರೆಂಟ್ ಬಂತು, ಫ್ಯಾನ್ ತಿರುಗ್ತು, ನಾ ಈ ಕಡೆ ಹೊಳ್ಳಿ ನೋಡಿದೆ, ಕಾಲು ಪೆಡಲ್ ಮ್ಯಾಲ ಬಿತ್ತು. ಪೆಡಲ್ ಕೆಳಗ ಹೋಗಿದ್ದು ಪಾದಕ್ಕ ಗೊತ್ತಾತ್ರಿ. ಕಣ್ಣು ಮುಚ್ಚಿದ್ರ ಈಗೂ ಗೊತ್ತಾಕ್ಕೈತಿ.”

“ಅದು ನೆನಪಲ್ಲ ಕಣೇ!” ನನ್ನ ದನಿ ನನ್ನ ಕೈ ಮೀರಿ ಏರಿತು. “ಎಲ್ರೂ ಸೇರಿ ಹೇಳಿ ಹೇಳಿ ನಿನ್ನ ತಲೆಗೆ ತುಂಬಿದ್ದು ಅದು! ಮೊದಲು ತುಂಬಿದವಳೇ ನಾನು. ಬರಿ ಇಲ್ಲಿ, ತುಳೀಲಿಲ್ಲ ಅಂತ ಒಂದೇ ಒಂದು ಸಾಲು ಬರಿ. ನಿನ್ನ ಕಾಲಿಗೆ ಬೀಳ್ತೀನಿ.”

ಕಾಗದವನ್ನು ಅವಳ ಮುಂದೆ ಚಾಚಿದೆ. ಅವಳು ಅದನ್ನು ಮುಟ್ಟಲಿಲ್ಲ, ನನ್ನ ಮುಖವನ್ನೇ ನೋಡಿದಳು.

“ಅಂದ್ರ ಅವತ್ತು ನೀವು ಸುಳ್ಳಿಗೆ ಸೈನ್ ಮಾಡಿದ್ರೇನು?”

“ಹೂಂ ಕಣೇ. ಸುಳ್ಳಿಗೇ ಮಾಡಿದೆ.”

ಅವಳು ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು, ನಾಲಿಗೆ ತುದಿಯನ್ನು ತುಟಿಗೊತ್ತಿಕೊಂಡು. ಆಮೇಲೆ ತಲೆಯಾಡಿಸಿದಳು.

“ಇಲ್ರಿ. ನೀವು ಅಂಥಾಕಿ ಅಲ್ರಿ. ದವಾಖಾನ್ಯಾಗ ಹನ್ನೆರಡು ದಿನ ನನ್ನ ಮಗ್ಗಲದಾಗ ಕುಂತು ತುತ್ತು ಮಾಡಿ ಉಣಿಸೀರಿ. ಹೇಲು ಉಚ್ಚಿ ಬಳದೀರಿ. ನಮ್ಮವ್ವ ಇದ್ದಿದ್ರೂ ಅಷ್ಟು ಮಾಡ್ತಿದ್ದಿಲ್ಲ. ಸುಳ್ಳು ಬರದು ನನ್ನ ತಲಿ ಮ್ಯಾಲೆ ಹಾಕೋ ಮಂದಿ ಹಂಗ ಮಾಡ್ತಾರೇನ್ರಿ? ನನ್ನ ನೋಡಿ ನಿಮ್ಮ ಹೊಟ್ಟಿ ಉರಿಯಾಕತ್ತೈತಿ. ಅದಕ್ಕ ಎಲ್ಲಾ ನಿಮ್ಮ ಮ್ಯಾಲೆ ಹಾಕ್ಕೊಳ್ಳಾಕ ಬಂದೀರಿ. ನಿಮ್ಮ ನೌಕರಿ ಹೋದ್ರ ಮುನಿಯಕ್ಕಜ್ಜಿಗೆ ಯಾರು ಗತಿ?”

ಹೇಳಿದೆ, ಮತ್ತೆ ಹೇಳಿದೆ, ಯಂಕಪ್ಪನ ಕಡೆ ತಿರುಗಿ ನೀನಾದರೂ ಹೇಳೋ ಅಂದೆ. ಅವನು ಗೋಡೆಯ ಕಡೆ ಮುಖ ಮಾಡಿ ಕೂತಿದ್ದ. ಅವಳು ಎಡಗೈಯಲ್ಲಿ ಕಾಗದವನ್ನು ನೀಟಾಗಿ ನಾಲ್ಕು ಮಡಿಕೆ ಮಡಿಸಿ, ನನ್ನ ಮುಷ್ಟಿ ಬಿಡಿಸಿ ಒಳಗಿಟ್ಟಳು.

“ಅಳಬ್ಯಾಡ್ರಿ ಅಕ್ಕಾರ. ನಿಮ್ಮದೇನೂ ತಪ್ಪಿಲ್ರಿ” ಎಂದು ನನ್ನ ಬೆನ್ನು ಸವರಿದಳು. ಸವರಿದ್ದು ಬಲಗೈ, ಉಳಿದ ಎರಡು ಬೆರಳು ರವಿಕೆಯ ಮೇಲೆ ಹಗುರಾಗಿ ಹೋಗಿ ಬರುತ್ತಿದ್ದವು.